ಬಸುರಿಯ ನಿದ್ದೆ ಮತ್ತು ಎರಡು ಗುಳಿಗೆಗಳ ಕತೆ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಇಬ್ಬರು ಮೂವರು ಬ್ಲಾಗ್ ಗೆಳೆಯರು ಮೇಲ್ ಮಾಡಿ "ಎಲ್ರೀ ನಾಪತ್ತೆ?" ಅಂತ ಕೇಳಿದ್ದರು. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದ್ದೆ, ಕ್ಷಮೆ ಇರಲಿ. ಮೂರು ತಿಂಗಳು ತುಂಬೋವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದು ಅನ್ನೋದು ಅಮ್ಮನ ಕಟ್ಟಪ್ಪಣೆ. ಈಗ ನಾಲ್ಕನೆಯದು ನಡೀತಿದೆ, ಹಾಗಾಗಿ ಹೇಳಬಹುದು :)

ಹೇಳಬೇಕು ಅಂತಿರೋದು ಮಾತ್ರ ನಿದ್ದೆಯ ವಿಷಯ. ಬಸುರಿಗೆ ವಾಂತಿ ಆಗುತ್ತೆ, ಹುಳಿ ತಿನ್ನೋ ಆಸೆ ಆಗುತ್ತೆ ಅಂತ ಸಿನಿಮಾ ನೋಡಿಯೇ ನಮಗೆಲ್ಲ ಗೊತ್ತು. ನಿದ್ದೆ ಬರಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಕೊನೆ ತಿಂಗಳುಗಳಲ್ಲಿ ಹೊಟ್ಟೆ ಭಾರಕ್ಕೆ ಮಗ್ಗುಲು ಬದಲಿಸೋದು ಕಷ್ಟ ಅನ್ನೋದು ಕೇಳಿದ್ದೆ. ಹೊಟ್ಟೆಯೇ ಕಾಣದ ಏಳನೇ ವಾರದಲ್ಲಿ, ರಾತ್ರಿ ಎರಡು ಗಂಟೆಗೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಜಂತೆ ಎಣಿಸೋದು ಎಂಥದ್ದು ಅಂತ ಆಮೇಲೆ ಗೊತ್ತಾಯ್ತು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡು ಅಂದಿದ್ದರಿಂದ ಶಿಕಾರಿಪುರಕ್ಕೆ, ಅಪ್ಪ ಅಮ್ಮನ ಮನೆಗೆ ಬಂದಿದ್ದೆ. ಹಗಲು ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ತೂಕಡಿಸೋದು, ರಾತ್ರಿ ಹುಚ್ಚರಾಯನ ಕೆರೆ ಕಡೆಯಿಂದ ಬರೋ ಕಪ್ಪೆಗಳ ವಟವಟ ಕೇಳುತ್ತಾ ಎದ್ದು ಕೂರೋದು. ನಡುವೆ ನಾಲ್ಕು ಸಲ ಬಾತ್‌ರೂಮು. ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಗಸಗಸೆ ಪಾಯಸ ಮಾಡಿಕೊಟ್ಟಳು. ಪಾಯಸ ಕುಡಿದು ಅಪ್ಪ ಚೆನ್ನಾಗಿ ನಿದ್ದೆ ಮಾಡಿದರು!

ಒಂಬತ್ತನೇ ವಾರದ ಚೆಕಪ್ಪಿನಲ್ಲಿ ಡಾಕ್ಟರಿಗೆ ಹೇಳಿದೆ. ವಾಂತಿಗೆ ಅಂತ ಒಂದು ಗುಳಿಗೆ ಬರೆದರು, ರಾತ್ರಿ ತಗೊಳ್ಳಿ, ಸ್ವಲ್ಪ ನಿದ್ದೆಯೂ ಬರುತ್ತೆ ಅಂದರು. ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಅಂತ ಸ್ಟ್ರಿಪ್ ಮೇಲೆ ಬರೆದಿತ್ತು. ಸಾಫ್ಟ್‌ವೇರಿನವರ ಹಾಳು ಚಟ, ಮನೆಗೆ ಬಂದು ಮೊದಲು ಮಾಡಿದ್ದು ಹೆಸರು ಹುಡುಕಿದ್ದು. ಅಮೆರಿಕದಲ್ಲಿ ಇದೇ ಮಿಶ್ರಣ ಹುಟ್ಟೋ ಮಕ್ಕಳಿಗೆ ಊನ ತರುತ್ತೆ ಅಂತ ನೂರಾರು ಕೇಸು ಬಿದ್ದು, 1983ರಲ್ಲಿ ಕಂಪನಿಯವರೇ ಮಾರುಕಟ್ಟೆಯಿಂದ ತೆಗೆದರು ಅಂತ ಕಣ್ಣಿಗೆ ಬಿತ್ತು. ಅಷ್ಟು ಓದಿದ್ದೇ ತಡ, ಸ್ಟ್ರಿಪ್ಪನ್ನ ಮೇಜಿನ ಡ್ರಾಯರಿಗೆ ತಳ್ಳಿಬಿಟ್ಟೆ. ಅಮ್ಮನಿಗೂ ಅದೇ ಸರಿ ಅನ್ನಿಸಿತು. "ನಮ್ಮ ಅವ್ವನ ಕಾಲದಾಗೆ ಗುಳಿಗೆ ಗಿಳಿಗೆ ಎಲ್ಲಿತ್ತು? ಎಲ್ಲಾರೂ ಸುಖವಾಗಿ ಹೆತ್ತರು. ಬೇಕಾದರೆ ಅಜ್ಜಿನ್ನೇ ಕೇಳು" ಅಂದಳು.

ಅಜ್ಜಿಮನೆ ಸೊರಬದ ಕಡೆ ಒಂದು ಹಳ್ಳಿ. ಹೋಗೋ ಭಾನುವಾರದವರೆಗೆ ಐದು ರಾತ್ರಿ ಇತ್ತು. ನಿದ್ದೆ ಬಾರದವಳಿಗೆ ಓದೋಕೆ ಬೇಕಾದಷ್ಟು ಹೊತ್ತು.

ಮೊದಲು ದೇಹದ ಲೆಕ್ಕ ಹೇಳಿಬಿಡ್ತೀನಿ, ಅದು ಚಿಕ್ಕದು. ಬಸಿರು ನಿಂತ ಕೂಡಲೇ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ಏರತೊಡಗುತ್ತದೆ. ಅದು ಒಡೆದು ಆಗುವ ಒಂದು ವಸ್ತು ಮಿದುಳಿನಲ್ಲಿ ಕೆಲಸ ಮಾಡೋದು ಎಷ್ಟೋ ನಿದ್ದೆ ಗುಳಿಗೆಗಳು ಕೆಲಸ ಮಾಡುವ ಗ್ರಾಹಕಗಳ ಮೇಲೇ. ಹಗಲೆಲ್ಲ ಕಣ್ಣು ಎಳೆಯೋದು ಅದಕ್ಕೆ. ಅದೇ ಹೊತ್ತಿಗೆ ಮೂತ್ರಪಿಂಡಗಳು ರಕ್ತ ಸೋಸುವ ವೇಗ ಹೆಚ್ಚುತ್ತಾ, ಕೆಲವೇ ವಾರಗಳಲ್ಲಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ರಾತ್ರಿ ಮತ್ತೆ ಮತ್ತೆ ಏಳೋದು ಅದಕ್ಕೆ. ಹೊಟ್ಟೆ ತೊಳೆಸೋದು, ಎದೆ ನೋವು, ಮನಸ್ಸಿನ ದಿಗಿಲು ಇವೆಲ್ಲ ಮೇಲಿನ ಖರ್ಚು. ಅಂದರೆ ನಿದ್ದೆ ಎಳೆಯೋದೂ ನಿಜ, ನಿದ್ದೆ ಕೆಡೋದೂ ನಿಜ. ನಂದೇನೂ ವಿಶೇಷ ಕಾಯಿಲೆ ಅಲ್ಲ ಅಂತ ಸಮಾಧಾನ ಆಯ್ತು.

ಆಮೇಲೆ ಹಳೇ ಗ್ರಂಥಗಳ ಕಡೆ ಹೋದೆ. ನಮ್ಮವರು ಬಸುರಿಯ ನಿದ್ದೆ ಬಗ್ಗೆ ಏನಾದರೂ ಹೇಳಿರಲೇಬೇಕಲ್ಲ? ಹೇಳಿದ್ದಾರೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಬಸುರಿ ಬಿಡಬೇಕಾದ ಕೆಲಸಗಳ ಒಂದು ಪಟ್ಟಿ ಇದೆ. ಹಗಲು ನಿದ್ದೆ ಮಾಡೋದು, ರಾತ್ರಿ ಎಚ್ಚರ ಇರೋದು, ದುಃಖ ಪಡೋದು, ಹೆದರೋದು ಎಲ್ಲ ಅದರಲ್ಲಿವೆ. ಚರಕಸಂಹಿತೆ ಇನ್ನೂ ಮುಂದೆ ಹೋಗಿ ಯಾವ ತಪ್ಪಿಗೆ ಯಾವ ಫಲ ಅಂತ ಕೊಡುತ್ತದೆ. ಯಾವಾಗಲೂ ಮಲಗಿರುವವಳಿಗೆ ತೂಕಡಿಸುವ ದಡ್ಡ ಮಗು. ಅಂಗಾತ ಮಲಗುವವಳ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆ. ರಾತ್ರಿ ಹೊತ್ತು ಓಡಾಡುವವಳಿಗೆ ಹುಚ್ಚು ಮಗು. (ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ ಅಂತ ಈಗಿನ ಡಾಕ್ಟರುಗಳೂ ಹೇಳ್ತಾರೆ, ಆದರೆ ಅದು 28 ವಾರ ಆದ ಮೇಲೆ. ಗರ್ಭದ ಭಾರ ಬೆನ್ನ ಹತ್ತಿರದ ದೊಡ್ಡ ರಕ್ತನಾಳವನ್ನ ಒತ್ತುತ್ತೆ ಅನ್ನೋದು ಅವರ ಕಾರಣ, ಹೊಕ್ಕುಳಬಳ್ಳಿ ಅಲ್ಲ.) ಈ ಗ್ರಂಥಗಳನ್ನ ಗೇಲಿ ಮಾಡೋದು ನನ್ನ ಉದ್ದೇಶ ಅಲ್ಲ. ಬಸುರಿಯ ಬಯಕೆ ತೀರಿಸಿ, ಅವಳ ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಅಂತಲೂ ಅವೇ ಹೇಳುತ್ತವೆ. ಆದರೆ ರಾತ್ರಿ ಎರಡೂವರೆಗೆ ಎಚ್ಚರ ಇದ್ದುಕೊಂಡು, ರಾತ್ರಿ ಎಚ್ಚರ ಇರಬಾರದು ಅಂತ ಓದಿದರೆ ಏನನ್ನಿಸುತ್ತೆ ಹೇಳಿ? ನಿದ್ದೆ ಬಾರದಿರೋದು ಒಂದು ತೊಂದರೆ ಅಂತ ಅಲ್ಲಿ ಬರೆದಿಲ್ಲ, ಅವಳು ಮಾಡುವ ಒಂದು ತಪ್ಪು ಅಂತ ಬರೆದಿದೆ. ಆ ರಾತ್ರಿ ಇದನ್ನ ಸುಮ್ಮನೆ ಓದಿ ಲ್ಯಾಪ್‌ಟಾಪ್ ಮುಚ್ಚಿದ್ದೆ. ಭಾನುವಾರ ಅದು ಬೇರೆ ರೀತಿ ನೆನಪಾಯ್ತು.

ಶಿಕಾರಿಪುರದಿಂದ ಸೊರಬಕ್ಕೆ ಶಿರಾಳಕೊಪ್ಪದ ಮೇಲೆ ದಾರಿ. ಶಿರಾಳಕೊಪ್ಪದ ಹತ್ತಿರ ನನಗೆ ವಾಂತಿ ಬರೋ ಹಾಗಾಗಿ, ಪಕ್ಕದ ಬಳ್ಳಿಗಾವಿಗೆ ಕಾರು ತಿರುಗಿಸಿ ಕೇದಾರೇಶ್ವರ ದೇವಸ್ಥಾನದ ನೆರಳಲ್ಲಿ ಅರ್ಧ ಗಂಟೆ ಕೂತಿದ್ದೆವು. ಇದು ಆ ಕಾಲದ ಕೋಡಿಯ ಮಠದ ಜಾಗ. 1162ರ ಇಲ್ಲಿನ ಶಾಸನ ಓದಿದವರಿಗೆ ಗೊತ್ತಿರುತ್ತೆ. ಬಿಜ್ಜಳನ ಆಳ್ವಿಕೆಯ ಕಾಲದ್ದು, ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿ ಅಚ್ಚು ಮಾಡಿದ್ದು. ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೀತಿತ್ತು, ಬಡವರು, ಕುಂಟರು, ಕುರುಡರು, ಕಿವುಡರಿಗೆಲ್ಲ ಅನ್ನ ಇಕ್ಕುತ್ತಿದ್ದರು, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡ್ತಿದ್ದರು ಅಂತ ಉದ್ದಕ್ಕೆ ವರ್ಣಿಸುತ್ತದೆ. ಎಂಟೂವರೆ ಶತಮಾನದ ಹಿಂದೆ ನಮ್ಮ ತಾಲ್ಲೂಕಲ್ಲಿ ಧರ್ಮಾಸ್ಪತ್ರೆ ಇತ್ತು ಅಂತ ಚಿಕ್ಕಂದಿನಿಂದ ಹೆಮ್ಮೆ ನನಗೆ. ಅವತ್ತು ಮಾತ್ರ ಆ ಪಟ್ಟಿಯಲ್ಲಿ ನನ್ನಂಥವಳು ಎಲ್ಲಿದ್ದಾಳೆ ಅಂತ ಹುಡುಕುವ ಮನಸ್ಸಾಯ್ತು. ನಮ್ಮ ಸೀಮೆಯ ಕಲ್ಲುಗಳ ಮೇಲೆ ಹೆಂಗಸರು ಇಲ್ಲ ಅಂತಲ್ಲ. ಇದೇ ತಾಲ್ಲೂಕಿನ ಬಂದಳಿಕೆಯ ಶಾಸನದಲ್ಲಿ ಹತ್ತನೇ ಶತಮಾನದ ಮೊದಲ ಭಾಗದ ಜಕ್ಕಿಯಬ್ಬೆ ಇದ್ದಾಳೆ. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆ ನಡೆಸಿದವಳು, ಕಾಯಿಲೆ ಬಿದ್ದಾಗ ಅಧಿಕಾರ ಮಗಳಿಗೆ ಒಪ್ಪಿಸಿ ಜೈನ ವ್ರತದಿಂದ ದೇಹ ಬಿಟ್ಟವಳು. ಅವಳು ಆಳಿದ್ದು, ಸತ್ತದ್ದು ಕಲ್ಲಿನಲ್ಲಿದೆ. ಆ ಮಗಳು ಹೊಟ್ಟೆಯಲ್ಲಿದ್ದಾಗಿನ ರಾತ್ರಿಗಳು ಹೇಗಿದ್ದವು ಅಂತ ಕಲ್ಲಿಗೆ ಯಾರು ಕೆತ್ತಿಸ್ತಾರೆ, ಬಿಡಿ.

ಅಜ್ಜಿ ಜಗಲಿಯಲ್ಲಿ ಅಡಿಕೆ ಆರಿಸ್ತಾ ಕೂತಿದ್ದಳು. ಎಂಬತ್ತೈದು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ನನಗಿಂತ ಚುರುಕು. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಅಜ್ಜಿಯ ಪಕ್ಕ ಕೂತು ನೇರವಾಗಿ ಕೇಳಿದೆ.

"ಅಜ್ಜೀ, ನೀನು ಮೊದಲ ಸಲ ಬಸುರಿ ಆದಾಗ ನಿಂಗೆ ನಿದ್ದೆ ಬರ್ತಿತ್ತಾ?"

"ಯಾವ ಮೊದಲು? ನಿನ್ನ ದೊಡ್ಡ ಮಾವಂದೋ, ಅದಕ್ಕೂ ಮುಂಚಿಂದೋ?"

ಅದಕ್ಕೂ ಮುಂಚೆ ಒಂದು ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ, ಅವಳಿಗೂ ಗೊತ್ತಿರಲಿಲ್ಲ.

ಯಾವ ವರ್ಷ ಅಂತ ಕೇಳಿದರೆ ಅಜ್ಜಿಗೆ ಇಸವಿ ಗೊತ್ತಿಲ್ಲ. "ಹೇವಿಳಂಬಿ ಬಂದ ಯುಗಾದಿ. ಮಂಗ ಸತ್ತು ಬೀಳ್ತಿದ್ದ ವರ್ಷ" ಅಂದಳು. ಸಂವತ್ಸರಗಳು ಅರವತ್ತಕ್ಕೆ ಒಂದು ಸುತ್ತು. 2017ರ ಯುಗಾದಿಗೆ ಹೇವಿಳಂಬಿ ಬಂದಿತ್ತು, ಅದರಲ್ಲಿ ಅರವತ್ತು ಕಳೆದರೆ 1957. ಮಂಗನ ಲೆಕ್ಕವೂ ಅದಕ್ಕೆ ಕೂಡಿ ಬರುತ್ತದೆ. 1957ರ ಮಾರ್ಚಿನ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯ್ತಿರೋದು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗ್ತಿರೋದು ಸರಕಾರದ ಕಿವಿಗೆ ಬಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗ ಸಾಯೋದು, ಮನುಷ್ಯನಿಗೆ ಜ್ವರ ಬರೋದು ಒಟ್ಟಿಗೇ ಆಗಿದ್ದರಿಂದ, ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂತೇನೋ ಅಂತ ಅವರಿಗೆ ಅನುಮಾನ. ಅದಲ್ಲ, ಉಣ್ಣೆ ಕಚ್ಚಿ ಹರಡುವ ಹೊಸ ವೈರಸ್ಸು, ರಷ್ಯಾ ಕಡೆಯ ಒಂದು ಮಿದುಳು ಜ್ವರದ ವೈರಸ್ಸಿನ ನೆಂಟ ಅಂತ ಪರೀಕ್ಷೆಯಲ್ಲಿ ತಿಳೀತು. ಪ್ರಪಂಚದ ವೈದ್ಯ ಪುಸ್ತಕಗಳಲ್ಲಿ ಸೊರಬದ ಒಂದು ಕಾಡಿನ ಹೆಸರು ಸೇರಿದ್ದು ಹಾಗೆ. ಮೊದಲ ವರ್ಷಗಳಲ್ಲಿ ಕಾಯಿಲೆ ಸೊರಬ, ಸಾಗರ, ಶಿಕಾರಿಪುರ ಈ ಮೂರು ತಾಲ್ಲೂಕುಗಳಲ್ಲೇ ಇತ್ತು.

ಪುಸ್ತಕದಲ್ಲಿ ಇದೆಲ್ಲ ಎರಡು ಪುಟ. ಅಜ್ಜಿಗೆ ಅದು ಹದಿನೇಳನೇ ವಯಸ್ಸಿನ ಒಂದು ಬೇಸಿಗೆ. ಮದುವೆಯಾಗಿ ವರ್ಷ ಆಗಿರಲಿಲ್ಲ. ಒಂದು ತಿಂಗಳು ಹೊರಗೆ ಕೂರಲಿಲ್ಲ, ಎರಡನೇ ತಿಂಗಳೂ ಕೂರಲಿಲ್ಲ, ಮನೆಯವರಿಗೆಲ್ಲ ಗೊತ್ತಾಯ್ತು. (ಪರೀಕ್ಷೆ ಮಾಡೋ ಕಡ್ಡಿ ಆಗ ಎಲ್ಲಿಯದು? ದೊಡ್ಡ ದೇಶಗಳ ಲ್ಯಾಬುಗಳಲ್ಲಿ ಹೆಂಗಸಿನ ಮೂತ್ರವನ್ನ ಆಫ್ರಿಕಾದ ಕಪ್ಪೆಗೆ ಚುಚ್ಚಿ, ಕಪ್ಪೆ ಮೊಟ್ಟೆ ಇಟ್ಟರೆ ಬಸಿರು ಅಂತ ಹೇಳ್ತಿದ್ದ ಕಾಲ ಅದು.) ಕೊಟ್ಟಿಗೆಗೆ ಹಾಸೋಕೆ ತರಗೆಲೆ, ಒಲೆಗೆ ಸೌದೆ, ಎರಡಕ್ಕೂ ಕಾಡಿಗೇ ಹೋಗಬೇಕು. ಕಾಡಲ್ಲಿ ಮಂಗ ಬಿದ್ದಿದೆ ಅಂತ ಸುದ್ದಿ. ಪಕ್ಕದ ಮನೆಯ ಗಂಡಸು ಕಣ್ಣು ಕೆಂಪಾಗಿ, ಮೈ ಮುರಿದ ಹಾಗೆ ನೋವು ಬಂದು ಮಲಗಿದವರು ಏಳಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ದೇವಿಯ ಮುನಿಸು ಅಂದರು, ಗಾಳಿ ಅಂದರು.

"ರಾತ್ರಿ ಮಲಗಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು? ಹಗಲು ಕಣ್ಣು ತಾನಾಗೇ ಮುಚ್ಕಳ್ತಿತ್ತು. ಹಗಲು ಬಸುರಿ ಮಲಗಬಾರ್ದು ಅಂತ ನಮ್ಮತ್ತೆ ಎಬ್ಬಿಸ್ತಿದ್ರು. ರಾತ್ರಿ ಸೆಕೆ, ಹೊಟ್ಟೆ ಸಂಕಟ. ಎದ್ದು ಅಂಗಳಕ್ಕೆ ಹೋಗಿ ಕೂರ್ತಿದ್ದೆ. ಕೊಟ್ಟಿಗೆಗೆ ಹೋಗಿ ಎಮ್ಮೆ ಮೈ ಸವರ್ತಾ ನಿಲ್ತಿದ್ದೆ. ಅದೊಂದು ಎಚ್ಚರ ಇರ್ತಿತ್ತು ನನ್ನ ಜೊತೆ."

ಮೂರನೇ ತಿಂಗಳು ತುಂಬೋ ಮೊದಲೇ ಆ ಬಸಿರು ನಿಲ್ಲಲಿಲ್ಲ. ಅಜ್ಜಿಗೆ ಜ್ವರ ಬಂದಿರಲಿಲ್ಲ, ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಒಂದು ಬೆಳಗಾಗೋ ಹೊತ್ತಿಗೆ ಹೊಟ್ಟೆ ಹಿಂಡಿ ಹೋಯ್ತಂತೆ. ಸೂಲಗಿತ್ತಿ ಬಂದು ನೋಡಿದಳು. ಯಾಕೆ ಹೀಗಾಯ್ತು ಅನ್ನೋದಕ್ಕೆ ಮನೆಯವರ ಹತ್ತಿರ ಉತ್ತರ ಸಿದ್ಧ ಇತ್ತು. ರಾತ್ರಿ ಹೊತ್ತು ತಿರುಗಾಡಿದಳು, ಅದಕ್ಕೇ.

"ನಾನೇ ಕಳಕೊಂಡೆ ಅಂದ್ರು. ಇರಬೋದು ಅಂತ ನಂಗೂ ಅನ್ನಿಸ್ತು. ನಿನ್ನ ದೊಡ್ಡ ಮಾವ ಹೊಟ್ಟೇಲಿದ್ದಾಗ ನಿದ್ದೆ ಬರಲಿ ಬಿಡಲಿ, ಚಾಪೆ ಬಿಟ್ಟು ಏಳಲಿಲ್ಲ ನಾನು. ಉಚ್ಚೆ ಕಟ್ಕೊಂಡು ಬೆಳಗು ಮಾಡ್ತಿದ್ದೆ."

ಚರಕಸಂಹಿತೆಯ ಆ ಸಾಲು ನನಗೆ ನೆನಪಾಗಿದ್ದು ಆಗ. ಅಜ್ಜಿಯ ಅತ್ತೆಗೆ ಓದು ಬರಹ ಬರ್ತಿರಲಿಲ್ಲ, ಚರಕನ ಹೆಸರೂ ಕೇಳಿರಲಿಕ್ಕಿಲ್ಲ. ಆದರೂ ಸಾವಿರಾರು ವರ್ಷ ಹಳೇ ಆ ವಾಕ್ಯ ಎಲ್ಲೆಲ್ಲಿಂದಲೋ ಬಾಯಿಂದ ಬಾಯಿಗೆ ಹಾದು, ಸೊರಬದ ಆ ಕೊಟ್ಟಿಗೆಯಲ್ಲಿ ಎಮ್ಮೆ ಸವರ್ತಾ ನಿಂತ ಹದಿನೇಳರ ಹುಡುಗಿಯನ್ನ ಹಿಡೀತು. ಅಮ್ಮ ಒಳಗೆ ಎದ್ದು ಹೋದಳು. "ಎಲ್ಲಾರೂ ಸುಖವಾಗಿ ಹೆತ್ತರು" ಅನ್ನೋ ಮಾತು ಆಮೇಲೆ ಅವಳ ಬಾಯಲ್ಲಿ ಬಂದಿಲ್ಲ.

ಅವತ್ತು ಅಜ್ಜಿಮನೆಯಲ್ಲೇ ಉಳಿದೆವು. ರಾತ್ರಿ ಎಂದಿನ ಹಾಗೆ ಎಚ್ಚರ. 1957 ಅನ್ನೋ ಇಸವಿ ತಲೆಯಲ್ಲಿ ಕೊರೀತಿತ್ತು. ಬಸುರಿಯರ ನಿದ್ದೆಯ ಚರಿತ್ರೆಯಲ್ಲಿ ಆ ವರ್ಷಕ್ಕೆ ಇನ್ನೊಂದು ಜಾಗ ಇದೆ, ಅದನ್ನ ಡ್ರಾಯರಿನಲ್ಲಿಟ್ಟ ಗುಳಿಗೆ ಬಗ್ಗೆ ಹುಡುಕುವಾಗಲೇ ಓದಿದ್ದೆ. ಅಜ್ಜಿಯ ಬಸಿರು ಹೋದ ಆ ವರ್ಷದ ಅಕ್ಟೋಬರ್ 1ರಂದು ಪಶ್ಚಿಮ ಜರ್ಮನಿಯಲ್ಲಿ ಗ್ರುನೆಂಥಾಲ್ ಅನ್ನೋ ಕಂಪನಿ ಕಾಂಟರ್‌ಗಾನ್ ಅನ್ನೋ ನಿದ್ದೆ ಗುಳಿಗೆಯನ್ನ ಮಾರುಕಟ್ಟೆಗೆ ಬಿಟ್ಟಿತು. ಒಳಗಿದ್ದದ್ದು ಥಾಲಿಡೊಮೈಡ್. ಆಗಿನ ನಿದ್ದೆ ಗುಳಿಗೆಗಳನ್ನ ಜಾಸ್ತಿ ನುಂಗಿದರೆ ಸಾವು. ಇದನ್ನ ಇಲಿಗಳಿಗೆ ಎಷ್ಟು ಕೊಟ್ಟರೂ ಸಾಯಲಿಲ್ಲ. ಅಷ್ಟಕ್ಕೇ "ಪೂರ್ತಿ ನಿರಪಾಯಕಾರಿ" ಅನ್ನೋ ಪಟ್ಟ ಸಿಕ್ಕಿತು. ಡಾಕ್ಟರ ಚೀಟಿಯೇ ಇಲ್ಲದೆ ಅಂಗಡಿಯಲ್ಲಿ ಸಿಗ್ತಿತ್ತು. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಡಿಸ್ಟಾವಲ್ ಅನ್ನೋ ಹೆಸರಲ್ಲಿ ಬಂತು. ನಿದ್ದೆಗೂ ಆಯ್ತು, ಬೆಳಗಿನ ವಾಂತಿಗೂ ಆಯ್ತು, ಬಸುರಿಯರಿಗೂ ಏನೂ ಆಗಲ್ಲ ಅಂತ ಜಾಹೀರಾತು. ಬಸುರಿ ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿಯೇ ಇರಲಿಲ್ಲ.

ಇದರಲ್ಲಿ ನನ್ನ ನಿದ್ದೆ ಮತ್ತಷ್ಟು ಕೆಡಿಸಿದ ವಿಷಯ ಒಂದಿದೆ. ಗುಳಿಗೆ ಅಂಗಡಿಗೆ ಬರೋ ಮೊದಲೇ, 1956ರ ಕ್ರಿಸ್‌ಮಸ್ ದಿನ, ಆ ಕಂಪನಿಯ ನೌಕರನೊಬ್ಬನಿಗೆ ಕಿವಿಗಳೇ ಇಲ್ಲದ ಮಗು ಹುಟ್ಟಿತು. ಅವನು ಆಫೀಸಿನಿಂದ ಸ್ಯಾಂಪಲ್ ಗುಳಿಗೆ ತಂದು ಬಸುರಿ ಹೆಂಡತಿಗೆ ಕೊಟ್ಟಿದ್ದ. ಎರಡನ್ನೂ ಜೋಡಿಸಿ ನೋಡೋಕೆ ಆಗ ಯಾರಿಗೂ ಹೊಳೀಲಿಲ್ಲ. ಕೈಕಾಲು ಮೊಟಕಾದ ಮಕ್ಕಳು ಯಾಕಿಷ್ಟು ಹುಟ್ತಿದ್ದಾರೆ ಅಂತ ಕಾರಣ ಹಿಡಿಯೋಕೆ 1961ರ ನವೆಂಬರ್ ಆಗಬೇಕಾಯ್ತು. ಹ್ಯಾಂಬರ್ಗಿನ ಮಕ್ಕಳ ಡಾಕ್ಟರ್ ವಿಡುಕಿಂಡ್ ಲೆಂಜ್ ತಾಯಂದಿರ ಮನೆಮನೆಗೆ ಹೋಗಿ, ನೀವು ಏನೇನು ತಗೊಂಡಿದ್ದಿರಿ ಅಂತ ಕೇಳಿ ಬರೆದುಕೊಂಡರು. ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಚಿಕ್ಕ ಪತ್ರ ಬರೆದರು. ಅಷ್ಟರಲ್ಲಿ ಪ್ರಪಂಚದಾದ್ಯಂತ ಹತ್ತು ಸಾವಿರದಷ್ಟು ಮಕ್ಕಳು ಊನವಾಗಿ ಹುಟ್ಟಿದ್ದರು. ಗರ್ಭ ಕಟ್ಟಿದ ಮೇಲೆ ಮೂರನೇ ವಾರದಿಂದ ಐದನೇ ವಾರದೊಳಗೆ ನುಂಗಿದವರಿಗೇ ಅಪಾಯ. ಎಷ್ಟೋ ಜನಕ್ಕೆ ತಾವು ಬಸುರಿ ಅನ್ನೋದೇ ಗಟ್ಟಿಯಾಗಿ ಗೊತ್ತಿರದ ದಿನಗಳು ಅವು. ಆ ಗುಳಿಗೆ ಮಗುವಿನ ಮೈಯಲ್ಲಿ ಯಾವ ಪ್ರೋಟೀನನ್ನ ಹಿಡಿಯುತ್ತೆ ಅಂತ ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2010ರಲ್ಲಿ. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2012ರಲ್ಲಿ.

ಅಮೆರಿಕದಲ್ಲಿ ಇದು ಅಂಗಡಿಗೆ ಬರಲಿಲ್ಲ. ಅಲ್ಲಿನ ಔಷಧ ಇಲಾಖೆಗೆ 1960ರಲ್ಲಿ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಅನ್ನೋ ಹೆಂಗಸು ಸಹಿ ಹಾಕಲಿಲ್ಲ. ಇನ್ನಷ್ಟು ವಿವರ ಕೊಡಿ, ಇದು ಸಾಲದು ಅಂತ ಒಂದು ವರ್ಷಕ್ಕೂ ಹೆಚ್ಚು ಕಾಲ ಅರ್ಜಿ ವಾಪಸ್ ಕಳಿಸ್ತಾ ಹೋದರು. ನಮ್ಮ ಆಫೀಸಿನಲ್ಲಿ ರಿಲೀಸ್ ತಡೆದು ಕೂರೋ ಟೆಸ್ಟರನ್ನ ನಾವೆಲ್ಲ ಬೈಕೊಳ್ತೀವಲ್ಲ, ಆಕೆಯೂ ಅಂಥವರೇ. 1962ರಲ್ಲಿ ಅಲ್ಲಿ ಕಾನೂನೇ ಬದಲಾಯ್ತು. ಔಷಧ ಕೆಲಸ ಮಾಡುತ್ತೆ, ಅಪಾಯ ಇಲ್ಲ ಅಂತ ತೋರಿಸೋ ಹೊಣೆ ಕಂಪನಿಯ ಮೇಲೆ ಬಿತ್ತು.

ಕೆಲ್ಸಿಯ ಮೇಜಿನ ಮೇಲೆ ಅರ್ಜಿ ಇಟ್ಟ ಕಂಪನಿಯ ಹೆಸರು ಮೆರೆಲ್. ಡ್ರಾಯರಿನಲ್ಲಿದ್ದ ನನ್ನ ಗುಳಿಗೆಯ ಕತೆಯಲ್ಲೂ ಅದೇ ಕಂಪನಿ! 1956ರಲ್ಲಿ ಮೆರೆಲ್‌ನವರು ಬೆಂಡೆಕ್ಟಿನ್ ಅಂತ ಒಂದು ಗುಳಿಗೆ ತಂದಿದ್ದರು. ನಿದ್ದೆ ತರಿಸೋ ಡಾಕ್ಸಿಲಮಿನ್, ಬಿ6 ವಿಟಮಿನ್, ಜೊತೆಗೆ ಹೊಟ್ಟೆ ನುಲಿತಕ್ಕೆ ಇನ್ನೊಂದು ವಸ್ತು. ಆ ಮೂರನೆಯದನ್ನ 1976ರಲ್ಲಿ ಕೈಬಿಟ್ಟರು. ಮೂರು ಕೋಟಿಗೂ ಹೆಚ್ಚು ಹೆಂಗಸರು ಅದನ್ನ ನುಂಗಿದರು ಅಂತ ಅಂದಾಜು. ಥಾಲಿಡೊಮೈಡ್ ಸುಟ್ಟ ಮೇಲೆ ಜನಕ್ಕೆ ಎಲ್ಲ ಗುಳಿಗೆಯ ಮೇಲೂ ಅನುಮಾನ, ಅದು ತಪ್ಪೂ ಅಲ್ಲ. ಬೆಂಡೆಕ್ಟಿನ್ ತಗೊಂಡವರಲ್ಲಿ ಕೆಲವರಿಗೆ ಊನದ ಮಕ್ಕಳು ಹುಟ್ಟಿದಾಗ ಕೇಸು ಬಿದ್ದವು. ಏನೂ ತಗೊಳ್ಳದವರಿಗೂ ನೂರರಲ್ಲಿ ಎರಡು ಮೂರು ಮಕ್ಕಳು ಯಾವುದಾದರೂ ಊನದಿಂದ ಹುಟ್ಟುತ್ತವೆ. ಕೋಟಿಗಟ್ಟಲೆ ಜನ ನುಂಗಿದ ಗುಳಿಗೆ ಅಂದಮೇಲೆ ಅಂಥ ತಾಯಂದಿರು ಸಾವಿರಗಟ್ಟಲೆ ಸಿಕ್ಕೇ ಸಿಗ್ತಾರೆ. ಗುಳಿಗೆ ತಗೊಂಡವರಲ್ಲಿ, ತಗೊಳ್ಳದವರಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡಬೇಕು. ನೋಡಿದರು, ಒಂದಲ್ಲ ಹತ್ತಾರು ಅಧ್ಯಯನ. ವ್ಯತ್ಯಾಸ ಕಾಣಲಿಲ್ಲ. ಕೋರ್ಟಿನ ಖರ್ಚು, ವಿಮೆಯ ಕಂತು ಕಟ್ಟಿ ಪೂರೈಸದೆ 1983ರಲ್ಲಿ ಕಂಪನಿ ತಾನೇ ಗುಳಿಗೆ ನಿಲ್ಲಿಸಿತು. ಆಮೇಲೂ ಊನಗಳ ಪ್ರಮಾಣ ಇಳೀಲಿಲ್ಲ. ವಾಂತಿ ತಡೆಯಲಾರದೆ ಆಸ್ಪತ್ರೆ ಸೇರೋ ಬಸುರಿಯರ ಸಂಖ್ಯೆ ಮಾತ್ರ ಏರಿತು. ಕೆನಡಾದಲ್ಲಿ ಅದೇ ಮಿಶ್ರಣ ನಿಲ್ಲದೆ ಮಾರಾಟ ಆಗ್ತಿತ್ತು. ಕೊನೆಗೆ 2013ರ ಏಪ್ರಿಲಿನಲ್ಲಿ, ಮೂವತ್ತು ವರ್ಷ ಆದ ಮೇಲೆ, ಅಮೆರಿಕದ ಇಲಾಖೆಯೂ ಬೇರೆ ಹೆಸರಿನಲ್ಲಿ ಅದಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ನಾನು ಮೊದಲ ದಿನ ಓದಿದ್ದು 1983ರವರೆಗೆ. ಅಲ್ಲಿಗೇ ಹೆದರಿ ನಿಲ್ಲಿಸಿಬಿಟ್ಟಿದ್ದೆ!

ಮೆಕ್‌ಬ್ರೈಡ್ ಕತೆ ಇಲ್ಲಿ ಹೇಳದಿದ್ದರೆ ಮನಸ್ಸು ತಡೆಯಲ್ಲ. ಥಾಲಿಡೊಮೈಡ್ ಬಗ್ಗೆ ಎಚ್ಚರಿಸಿ ಊರೆಲ್ಲ ಹೊಗಳಿಸಿಕೊಂಡ ಅದೇ ಡಾಕ್ಟರು, ಬೆಂಡೆಕ್ಟಿನ್ ಕೇಸುಗಳಲ್ಲಿ ಗುಳಿಗೆಯ ವಿರುದ್ಧ ಸಾಕ್ಷಿ ಹೇಳಿದರು. ಆಮೇಲೆ ಇನ್ನೊಂದು ಔಷಧದ ಬಗ್ಗೆ ಮೊಲಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅವರು ಅಂಕಿಗಳನ್ನ ತಿದ್ದಿದ್ದು ಬಯಲಾಗಿ, 1993ರಲ್ಲಿ ಆಸ್ಟ್ರೇಲಿಯಾದಲ್ಲಿ ಅವರ ವೈದ್ಯ ನೋಂದಣಿಯನ್ನೇ ಕಿತ್ತುಹಾಕಿದರು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಒಂದು ಬೆಂಡೆಕ್ಟಿನ್ ಕೇಸಿನಲ್ಲೇ, ದೊಡ್ಡ ಡಾಕ್ಟರು ಹೇಳಿದರು ಅನ್ನೋದೊಂದೇ ಸಾಲದು, ಹೇಳಿದ್ದರ ಹಿಂದೆ ಪರೀಕ್ಷಿಸಬಹುದಾದ ವಿಜ್ಞಾನ ಇದೆಯಾ ಅಂತ ನ್ಯಾಯಾಧೀಶರು ನೋಡಬೇಕು ಅಂತ ತೀರ್ಪು ಕೊಟ್ಟಿತು. ಒಂದು ಸಲ ಸರಿ ಹೇಳಿದವರು ಎರಡನೇ ಸಲವೂ ಸರಿಯೇ ಹೇಳ್ತಾರೆ ಅಂತ ನಂಬಿ ಕೂರೋಕಾಗಲ್ಲ. ಚರಕನಿಗೂ ಅದೇ ಮಾತು, ಮೆಕ್‌ಬ್ರೈಡಿಗೂ ಅದೇ ಮಾತು, ನನ್ನ ಅಮ್ಮನಿಗೂ ಅಷ್ಟೆ.

ಬೆಳಗ್ಗೆ ಅಜ್ಜಿ ಎಂದಿನಂತೆ ಐದಕ್ಕೇ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮೊದಲ ಮೂರು ತಿಂಗಳಲ್ಲಿ ಹೋಗೋ ಬಸಿರುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣ ವರ್ಣತಂತುಗಳ ಲೆಕ್ಕ ತಪ್ಪಿರೋದು. ಮನುಷ್ಯನ ವರ್ಣತಂತುಗಳು 46 ಅನ್ನೋ ಎಣಿಕೆಯೇ ಸರಿಯಾಗಿದ್ದು 1956ರಲ್ಲಿ, ಅದಕ್ಕೂ ಮುಂಚೆ 48 ಅಂತ ಪುಸ್ತಕದಲ್ಲಿತ್ತು. ಆ ಲೆಕ್ಕ ತಪ್ಪೋದಕ್ಕೂ ಬಸಿರು ಹೋಗೋದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಅರವತ್ತರ ದಶಕದಲ್ಲಿ. ಅಂದರೆ ಅಜ್ಜಿಯ ಹೇವಿಳಂಬಿಯಲ್ಲಿ ಸೊರಬದ ಸೂಲಗಿತ್ತಿ ಬಿಡಿ, ಲಂಡನ್ನಿನ ದೊಡ್ಡ ಆಸ್ಪತ್ರೆಯವರೂ ಅವಳಿಗೆ ಈ ಉತ್ತರ ಕೊಡುವ ಹಾಗಿರಲಿಲ್ಲ. ಇದನ್ನೆಲ್ಲ ಹೇಗೆ ಹೇಳಲಿ? ಭತ್ತದ ಕಾಳಿಗೆ ಹೋಲಿಸಿದೆ. ಬಿತ್ತಿದ ಕಾಳೆಲ್ಲ ಮೊಳಕೆ ಬರಲ್ಲ, ಕೆಲವು ಒಳಗೇ ಜೊಳ್ಳಾಗಿರುತ್ತೆ, ಗದ್ದೆ ಮೇಲೆ ರಾತ್ರಿ ಯಾರೋ ನಡೆದರು ಅಂತ ಅಲ್ಲ. ನಿನ್ನ ವಿಷಯದಲ್ಲಿ ಇದೇ ಆಗಿತ್ತು ಅಂತ ನಾನು ಹೇಳಲಾರೆ ಅಜ್ಜಿ, ಆದರೆ ನೀನು ಅಂಗಳದಲ್ಲಿ ಕೂತದ್ದಕ್ಕೆ, ಎಮ್ಮೆ ಸವರಿದ್ದಕ್ಕೆ ಹೋಗಿಲ್ಲ ಅಂತ ಖಂಡಿತ ಹೇಳ್ತೀನಿ ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

"ನಮ್ಮತ್ತೆ ಇದ್ದಿದ್ರೆ ಕೇಳಿಸ್ಕೊಳ್ಳೋರು" ಅಂದಳು. ಬಿಟ್ಟು ಬಿಟ್ಟು ಮತ್ತೆರಡು ಸಲ ನನ್ನ ಹತ್ತಿರ ಅದನ್ನೇ ಕೇಳಿದಳು. ಜೊಳ್ಳು ಕಾಳು ಅಂತ ಯಾರು ಹೇಳಿದ್ದು, ಡಾಕ್ಟ್ರಾ? ಹೌದು ಅಜ್ಜಿ, ಡಾಕ್ಟ್ರೇ.

ಹೊರಡೋ ಮುಂಚೆ ಗುಳಿಗೆಯ ವಿಷಯವನ್ನೂ ಅಮ್ಮನ ಎದುರಿಗೇ ಕೇಳಿದೆ. ಡಾಕ್ಟರು ಕೊಟ್ಟಿದ್ದಾರೆ, ನಿದ್ದೆ ಬರುತ್ತಂತೆ, ನಾನು ಓದಿ ನೋಡಿದ್ದೀನಿ, ತಗೊಳ್ಳಲಾ? ಅಮ್ಮ ಅಜ್ಜಿಯ ಮುಖ ನೋಡಿದಳು, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅನ್ನೋ ಉತ್ತರಕ್ಕೆ ಕಾದಂತೆ.

"ನಮಗೆ ಯಾರು ಕೊಡೋರಿದ್ರು?" ಅಂದಳು ಅಜ್ಜಿ. "ಕೊಟ್ಟಿದ್ರೆ ನಾನು ಎರಡು ನುಂಗ್ತಿದ್ದೆ. ತಗೋ ಮಾರಾಯ್ತಿ, ಮಲ್ಕೋ."

ಶಿಕಾರಿಪುರಕ್ಕೆ ಬಂದ ಮೇಲೆ ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ಸಲ ಕೇಳಿಕೊಂಡೆ. ಎರಡಲ್ಲ, ಒಂದೇ. ಅವತ್ತು ರಾತ್ರಿ ಹತ್ತಕ್ಕೆ ಮಲಗಿದವಳು ನಾಲ್ಕೂವರೆಗೆ ಒಂದು ಸಲ ಎದ್ದೆ. ಅಮ್ಮನ ಕೋಣೆಯಲ್ಲಿ ದೀಪ ಉರೀತಿತ್ತು, ಅವಳಿಗೆ ನಿದ್ದೆ ಬಂದಿರಲಿಲ್ಲ.